ಮರದ ಮೀನುಗಳ ಬಾಗಿಲು ಕಾಯ್ದವರು

ಜಾಲತಾಣದ ವಿಳಾಸದ ಕೊನೆಯಲ್ಲಿ ‘ಡಾಟ್ ಮ್ಯೂಸಿಯಂ’ ಎಂದಿದ್ದರೆ ಅದು ನಿಜವಾದ ವಸ್ತುಸಂಗ್ರಹಾಲಯವೇ ಸರಿ ಎಂದು ಕಣ್ಣು ಮುಚ್ಚಿ ನಂಬಬಹುದಾದ ಕಾಲವೊಂದಿತ್ತು. ಆ ನಂಬಿಕೆಯನ್ನು, ಅಂಥ ವಿಳಾಸ ಕೇಳಿದವರನ್ನು ಪರಿಶೀಲಿಸುವ ಡುಲೂತ್ ನಗರದ ನಮ್ಮ ಪುಟ್ಟ ಕಚೇರಿಯಲ್ಲಿ ಕುಳಿತು ಎರಡು ದಶಕ ಕಾಯ್ದವರು ಈಚೆಗೆ ನಿವೃತ್ತರಾದ ಶ್ರೀಮತಿ ಲೆಂಪಿ ಹಾಪಲಾ ಅವರು.

ಹೊಸತರಲ್ಲಿ ವಿಳಾಸದ ಆ ಬಾಲಕ್ಕೆ ಏನು ಮರ್ಯಾದೆ! ದೊಡ್ಡ ದೊಡ್ಡ ಸಂಗ್ರಹಾಲಯಗಳೇ ಸಾಲುಗಟ್ಟಿದವು. ಅರ್ಜಿ ಹಾಕಿದವರಿಗೆಲ್ಲ ಲೆಂಪಿಯವರು ತಾವೇ ಫೋನು ಮಾಡಿ, “ಬಾಗಿಲು ತೆಗೀರಿ, ಮೊದಲು ಏನು ಕಾಣತ್ತೆ ಹೇಳಿ” ಎನ್ನುತ್ತಿದ್ದರು. ತಡವರಿಸಿದವರಿಗೆ ‘ಮ್ಯೂಸಿಯಂ’ ಎಂಬ ಹೆಸರು ಸಿಗುತ್ತಿರಲಿಲ್ಲ. ನಿರ್ದೇಶಕರ ಬಿಂಕವೂ ಅವರ ಮುಂದೆ ನಡೆಯುತ್ತಿರಲಿಲ್ಲ.

ಟೂ ಹಾರ್ಬರ್ಸ್ ಊರಿನ ಓರಿನ್ ಟ್ವೈಟ್ ತಡವರಿಸಲಿಲ್ಲ. ಹೆಪ್ಪುಗಟ್ಟಿದ ಸರೋವರಕ್ಕೆ ತೂತು ಕೊರೆದು, ಮೀನನ್ನು ಮರುಳು ಮಾಡಲು ನೀರಿಗೆ ಇಳಿಬಿಡುವ ಮರದ ಮೀನುಗಳನ್ನು ಅವರು ಮನೆಯ ಪಕ್ಕದ ಶೆಡ್ಡಿನಲ್ಲಿ ಜೋಡಿಸಿಟ್ಟಿದ್ದರು. ಒಂದೊಂದರ ಬಣ್ಣವನ್ನೂ ಕೆತ್ತಿದವರ ಹೆಸರನ್ನೂ ಹೇಳುತ್ತಾ ಹೋದರು.

“ಜನ ನೋಡೋಕೆ ಬರ್ತಾರಾ?” ಎಂದು ಲೆಂಪಿಯವರು ಕೇಳಿದರು.

“ಸುಳ್ಳು ಯಾಕೆ ಹೇಳ್ಲಮ್ಮ, ಒಬ್ಬರೂ ಬಂದಿಲ್ಲ. ಬಾಗಿಲಂತೂ ತೆಗೆದೇ ಇರತ್ತೆ.”

ಸಾರ್ವಜನಿಕರು ಕಾಲಿಡದ ಜಾಗಕ್ಕೆ ಹೆಸರು ಕೊಡುವಂತಿರಲಿಲ್ಲ. ಲೆಂಪಿಯವರು ಕಾರು ತೆಗೆದು ಹೊರಟೇಬಿಟ್ಟರು. ಶೆಡ್ಡಿನ ನಡುವೆ ನಿಂತು, “ತಗೊಳ್ಳಿ, ಸಾರ್ವಜನಿಕರು ಬಂದಾಯ್ತು. ಈಗ ತೋರಿಸಿ” ಎಂದರು. ಓರಿನ್ ಕಣ್ಣೊರೆಸಿಕೊಂಡು ಒಂದೊಂದಾಗಿ ತೋರಿಸಿದರು. ಮರುದಿನವೇ ಹೆಸರು ಮಂಜೂರಾಯಿತು.

ಕಾಲ ಬದಲಾಯಿತು. ಹುಡುಕಿದ್ದೆಲ್ಲ ಕ್ಷಣದಲ್ಲಿ ಸಿಗತೊಡಗಿದ ಮೇಲೆ ವಿಳಾಸದ ಬಾಲವನ್ನು ನೋಡುವವರು ಯಾರು? ದೊಡ್ಡವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಕೊನೆಗೆ ಯಾವ ವಿಚಾರಣೆಯೂ ಇಲ್ಲದೆ ಯಾರು ಬೇಕಾದರೂ ಆ ಹೆಸರು ಪಡೆಯಬಹುದೆಂದಾಯಿತು. ಲೆಂಪಿಯವರು ಮೂಕವಾದ ಫೋನಿನ ಮುಂದೆ ಕುಳಿತಿರುತ್ತಿದ್ದರು.

ನಿವೃತ್ತಿಯ ವಾರ ಆ ಫೋನು ಮತ್ತೆ ಬಡಿದುಕೊಂಡಿತು. ತೊಂಬತ್ತರ ಹತ್ತಿರ ಬಂದಿದ್ದ ಓರಿನ್, ಮಗಳ ಮನೆಗೆ ಹೊರಟು ನಿಂತಿದ್ದರು.

“ಶನಿವಾರ ಶೆಡ್ಡು ಮುಚ್ತೀನಮ್ಮ. ಮುಚ್ಚಿದ ಮೇಲೆ ಆ ಹೆಸರು ಇಟ್ಕೊಳ್ಳೋದು ತಪ್ಪಲ್ವಾ? ವಾಪಸ್ ತಗೊಂಡ್ಬಿಡಿ.”

ಈಗ ಅದನ್ನೆಲ್ಲ ಯಾರೂ ಕೇಳುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಹಾಗೆನ್ನಲು ಲೆಂಪಿಯವರಿಗೆ ಬಾಯಿ ಬರಲಿಲ್ಲ. ಎಲ್ಲರೂ ಕೈಬಿಟ್ಟ ನಿಯಮಕ್ಕೆ ಇನ್ನೂ ನಿಷ್ಠರಾಗಿದ್ದವರು ಇವರಿಬ್ಬರೇ. “ಬೀಗ ಹಾಕ್ಬೇಡಿ, ನಾನು ಬರ್ತೀನಿ” ಎಂದರು.

ಹಾಗಾಗಿ ಲೆಂಪಿಯವರ ಬೀಳ್ಕೊಡುಗೆಯನ್ನು ಕಚೇರಿಯವರೆಲ್ಲ ಸೇರಿ ಆ ಶೆಡ್ಡಿನಲ್ಲೇ ನಡೆಸಿದೆವು. ಲೆಂಪಿಯವರು ಮಾಡಿ ತಂದ ಏಲಕ್ಕಿ ಬ್ರೆಡ್ಡಿತ್ತು, ಕಾಫಿಯಿತ್ತು. “ಇಷ್ಟು ಜನ ಬರ್ತೀರಿ ಅಂತ ಗೊತ್ತಿದ್ರೆ ಇನ್ನೆರಡು ಮೀನು ಕೆತ್ತಿರ್ತಿದ್ದೆ” ಎಂದು ಓರಿನ್ ನಗಿಸಿದರು. ಹೊರಡುವಾಗ ಬೀಗದ ಕೈಯನ್ನು ಲೆಂಪಿಯವರ ಅಂಗೈಯಲ್ಲಿಟ್ಟು, ಆ ಕೈಯನ್ನೇ ಹಿಡಿದು ನಿಂತರು.

ಲೆಂಪಿಯವರಿಗೆ ದೀರ್ಘಾಯುಸ್ಸೂ, ಪ್ರತಿ ಶನಿವಾರ ಅಷ್ಟು ದೂರ ಕಾರು ಓಡಿಸುವ ಕಣ್ಣೂ ಕಸುವೂ ಬಹುಕಾಲ ಇರಲಿ ಎಂದು ಮನದುಂಬಿ ಹಾರೈಸುತ್ತೇವೆ. ಓದುಗರು ಯಾವುದಾದರೂ ಶನಿವಾರ ಆ ಶೆಡ್ಡಿಗೆ ಹೋಗಿಬರಬೇಕು. ಲೆಂಪಿಯವರು ಅಲ್ಲೇ ಕುಳಿತಿರುತ್ತಾರೆ. ಬಾಗಿಲು ತೆಗೆದೇ ಇರುತ್ತದೆ.