ಹಪ್ಪಳಕ್ಕೆ ಬಿಸಿಲು

ಅಂದು ಬೆಳಿಗ್ಗೆ ಹೆಂಡತಿ ಹಲಸಿನ ಹಪ್ಪಳದ ಹಿಟ್ಟು ಅರೆದು ಮುಗಿಸಿ, ಕೈ ಒರೆಸಿಕೊಳ್ಳುತ್ತ ಜಗುಲಿಗೆ ಬಂದು ಎಂದಿನಂತೆ ಕೇಳಿದಳು: “ಎಂತ ಹೇಳ್ತದೆ ನಿಮ್ಮ ಮೊಬೈಲು? ಹಪ್ಪಳ ಹಾಕ್ಲಾ?”

ತಾರಸಿಗೆ ಸೋಲಾರ್ ಹಾಕಿಸಿದಾಗ ಮೊಬೈಲಿಗೆ ಒಂದು ಆ್ಯಪ್ ಬಂದಿತ್ತು. ಬಿಸಿಲೆಷ್ಟು, ಮೋಡವೆಷ್ಟು ಎಂದು ಅದು ಮೊದಲೇ ಅಂದಾಜು ಮಾಡುತ್ತದೆ. ಮನೆಯಲ್ಲಿ ಯಾವ ಹೊತ್ತಿಗೆ ಎಷ್ಟು ಕರೆಂಟು ಬೇಕೆಂದು ತಾನೇ ಕಲಿತುಕೊಂಡು, ಅಷ್ಟನ್ನು ಬ್ಯಾಟರಿಯಲ್ಲಿ ಉಳಿಸಿಡುತ್ತದೆ. ಅವಳಿಗೆ ಬೇಕಾಗಿದ್ದುದು ಬಿಸಿಲಿನ ಸುದ್ದಿ ಮಾತ್ರ. ಮೊದಲು ಧಾರೇಶ್ವರದ ದಿಕ್ಕಿನ ಆಕಾಶ ನೋಡಿ ತಾನೇ ತೀರ್ಮಾನಿಸುತ್ತಿದ್ದಳು. ಈಗ ನನ್ನನ್ನು ಕೇಳುವುದೇ ಒಂದು ಆಟವಾಗಿತ್ತು.

“ಸಂಜೆವರೆಗೂ ಮೋಡ ಇಲ್ಲ,” ಎಂದೆ.

“ಇದ್ದ ಬಿಸಿಲೆಲ್ಲ ನಿಮ್ಮ ಸೋಲಾರ್ ಪ್ಲೇಟೇ ಕುಡಿದ್ರೆ ನನ್ನ ಹಪ್ಪಳಕ್ಕೆ ಎಂತ ಉಳೀತದೆ?”

“ಪ್ಲೇಟಿನ ಮೇಲೇ ಒಣಗ್ಸು.”

“ಆತು. ಆಮೇಲೆ ಬಲ್ಬು ಹಲಸಿನ ವಾಸನೆ ಹೊಡೀತದೆ ಅಂತ ಹೇಳ್ಬೇಡಿ.” ಚಾಪೆ ಹಿಡಿದು ಮೆಟ್ಟಿಲು ಹತ್ತಿದಳು.

ಮರುದಿನ ನಸುಕಿನಲ್ಲಿ ಎದೆನೋವು ಎಂದಳು. ಕುಮಟೆಯ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಸೂತಕದಲ್ಲಿ ನಮ್ಮಲ್ಲಿ ಒಲೆ ಹಚ್ಚಲಿಲ್ಲ. ಅಕ್ಕಪಕ್ಕದವರು ಗಂಜಿ ತಂದುಕೊಟ್ಟರು. ಮಿಕ್ಸಿ, ಗ್ರೈಂಡರು ಸುಮ್ಮನಿದ್ದವು. ಆಗ ಆ್ಯಪಿನಿಂದ ಮೆಸೇಜು ಬಂತು: ‘ಅಭಿನಂದನೆ, ನಿಮ್ಮ ವಿದ್ಯುತ್ ಬಳಕೆ ಕಡಿಮೆಯಾಗಿದೆ.’ ಸಿಟ್ಟು ಬರಲಿಲ್ಲ. ಅವಳು ಹೋದಳೆಂದು ಅದಕ್ಕೆ ಯಾರು ಹೇಳಿದ್ದರು?

ಆದರೆ ಬೆಳಿಗ್ಗೆ ಅವಳು ಅರೆಯುವ ಹೊತ್ತಿಗೆ ಸರಿಯಾಗಿ ಅದು ಇನ್ನೂ ನೆನಪಿಸುತ್ತಿತ್ತು: ‘ಗ್ರೈಂಡರ್ ಹಾಕಲು ಇದು ಒಳ್ಳೆಯ ಸಮಯ.’ ಬಳಕೆ ನಿಂತರೆ ಆ ಹೊತ್ತನ್ನು ಅದು ಮರೆಯುತ್ತದೆ ಎಂದು ನನಗೆ ಗೊತ್ತಿತ್ತು. ಮರೆಯುವುದು ಬೇಡವಾಗಿತ್ತು. ಸೂತಕ ಕಳೆದ ಮೇಲೆ ಗ್ರೈಂಡರಿಗೆ ನೀರು ಹೊಯ್ದು ದಿನವೂ ತಿರುಗಿಸತೊಡಗಿದೆ.

ಅವಳನ್ನು ಅಕ್ಕ ಎನ್ನುತ್ತಿದ್ದ ಪಕ್ಕದ ಮನೆಯಾಕೆ ಸದ್ದು ಕೇಳಿ ಒಳಬಂದಳು.

“ಎಂತ ಅರೀತಿದ್ರಿ ಭಾವಾ?” ಮುಚ್ಚಳ ತೆಗೆದು ನೋಡಿದಳು. “ನೀರು ಅರೆದ್ರೆ ದೋಸೆ ಆಗ್ತದಾ? ಕಲ್ಲು ಸವೀತದೆ ಅಷ್ಟೇ. ನಾಳೆ ನಮ್ಮನೆಗೆ ಬನ್ನಿ, ಬಿಸಿ ದೋಸೆ ತಿನ್ನಿ.”

ಹೋದೆ. ತಿಂದು ಮರಳುವಾಗ ಆ ಹೊತ್ತು ದಾಟಿತ್ತು. ಗ್ರೈಂಡರ್ ಹಾಕಲಿಲ್ಲ. ಮುಂದೆಯೂ ಹಾಕಲಿಲ್ಲ. ಕೆಲವು ದಿನಗಳಲ್ಲಿ ಆ ಮೆಸೇಜು ನಿಂತುಹೋಯಿತು. ಅವಳಿಗೆಂದು ಉಳಿಸಿಡುತ್ತಿದ್ದ ಕರೆಂಟು ಈಗ ಬಾವಿಯ ಪಂಪಿಗೆ ಹೋಗುತ್ತದೆ.

ಬಿಸಿಲಿನ ಸುದ್ದಿ ಮಾತ್ರ ಈಗಲೂ ಬರುತ್ತದೆ. ನಾಳೆ ಮೋಡವಿಲ್ಲವಂತೆ. ಹಪ್ಪಳ ಹಾಕ್ಲಾ ಎಂದು ಕೇಳುವವಳು ಇಲ್ಲ.