ಚಿಗವ್ವನ ಮೂರನೆಯ ಕೂಸು

ಎದುರುಮನೆಯಿಂದ ಈಗ ದಿನಾ ಬೆಳಿಗ್ಗೆ ಲೋಬಾನದ ವಾಸನೆ ಬರುತ್ತದೆ. ಕೂಸಿಗೆ ಎಣ್ಣೆ ಹಚ್ಚಿ ಎರೆದು, ಹೊಗೆ ಹಾಕಿ ತಲೆ ಆರಿಸುತ್ತಾರೆ. ಆ ವಾಸನೆಗೆ ನನಗೆ ಚಿಗವ್ವ ನೆನಪಾಗುತ್ತಾಳೆ, ಮೈಯೆಲ್ಲ ಉರಿಯುತ್ತದೆ. ಆ ಕೂಸು ಆಕೆಯ ಮಗನ ಮೂರನೆಯ ಮಗು. ಅದರ ಮೇಲೆ ನನಗೆ ಸಿಟ್ಟಿಲ್ಲ, ಪಾಪ.

ಚಿಗವ್ವ ನಮಗೆ ರಕ್ತಸಂಬಂಧಿಯಲ್ಲ. ಎದುರುಮನೆಯವಳು, ಅಷ್ಟೆ. ಬಾಯಿ ತುಂಬ ಬೈದು, ಕೈ ತುಂಬ ಮಂಡಕ್ಕಿ ಕೊಡುತ್ತಿದ್ದಳು. ನಾನು ಗಡಿಯ ಈಚೆ, ಆಂಧ್ರದ ಆದೋನಿಯ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ಆಕೆಗೆ ಮೂರನೆಯದು ಹುಟ್ಟಿತು, ಹೆಣ್ಣು. ಅದೇ ವರ್ಷ ನಮ್ಮೂರ ಸರಪಂಚ್ ಕುರ್ಚಿ ಹೆಂಗಸರ ಪಾಲಿಗೆ ಬಂತು. ಆಕೆಯ ಗಂಡನಿಗೆ, ನಮ್ಮ ಕಾಕಾನಿಗೆ, ಹೆಂಡತಿಯನ್ನು ಮುಂದಿಟ್ಟು ಅದರಲ್ಲಿ ತಾನು ಕೂರುವ ಹುಚ್ಚು. ಆದರೆ ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯಿತಿ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ಕಾಯ್ದೆ ಇತ್ತು.

ಮಾಧವರಂ ದಾಟಿ ಹೊಳೆಯಾಚೆ, ಕರ್ನಾಟಕದಲ್ಲಿ, ಕಾಕಾನ ಅಕ್ಕ ಇದ್ದಳು. ಮಕ್ಕಳಿರಲಿಲ್ಲ. ಹಸಿ ಬಾಣಂತಿಯ ಮಡಿಲಿನಿಂದ ಕೂಸನ್ನೆತ್ತಿ ಆಕೆಯ ಕೈಗಿಟ್ಟರು. ಊರಿಗೆ ಮಾತ್ರ ಕೂಸು ಸತ್ತಿತು ಎಂದರು. ಬದುಕಿದ್ದ ಮಗುವನ್ನು ಸತ್ತಿತು ಎನ್ನಲು ಅವನಿಗೆ ನಾಲಿಗೆ ಹೇಗೆ ಹೊರಳಿತೋ... ಚಿಗವ್ವ ನಮ್ಮ ಹಿತ್ತಲಿಗೆ ಬಂದು, ಕಟ್ಟಿದ ಎದೆಹಾಲನ್ನು ಹಿಂಡಿ ಚೆಲ್ಲುತ್ತ ಅವ್ವನ ಮುಂದೆ ಅಳುತ್ತಿದ್ದಳು. ನಮಗೆ ವಿಷಯ ತಿಳಿದದ್ದು ಹಾಗೆ. ಆಕೆ ಗೆದ್ದಳು. ಕುರ್ಚಿಯಲ್ಲಿ ಕಾಕಾ ಕೂತ.

ಉರುಕುಂದದ ಗುಡಿಯಲ್ಲಿ ಚಿಗವ್ವನ ಮಗನ ಜವಳ ತೆಗೆಸಿದಾಗ ಕಾಕಾನ ಅಕ್ಕ ಕೂಸನ್ನು ಕರೆದುಕೊಂಡು ಬಂದಳು, ಅದು ಆಗಲೇ ಓಡಾಡುತ್ತಿತ್ತು. ಸೋದರತ್ತೆಯ ಮಗಳು ಬಂದರೆ ನಮ್ಮವರ ಬಾಯಿ ಸುಮ್ಮನಿರುತ್ತದೆಯೇ? ಅಳುತ್ತಿದ್ದ ಹುಡುಗನಿಗೆ ಒಬ್ಬ ಮುದುಕಿ, "ಅಳಬ್ಯಾಡಲೇ, ನೋಡಲ್ಲಿ, ನಿನ್ನ ಹೇಣ್ತಿ ಬಂದಾಳ!" ಎಂದಳು. ಎಲ್ಲರೂ ನಕ್ಕರು.

ಚಿಗವ್ವ ಚೀರಿದಳು. "ಹೇಣ್ತಿ ಅಲ್ಲ, ತಂಗಿ! ನನ್ನ ಹೊಟ್ಟ್ಯಾಗ ಹುಟ್ಟಿದ್ದು ಆಕಿ!"

ಕಾಕಾ ಆಕೆಯ ರೆಟ್ಟೆ ಹಿಡಿದು ಎಳೆದ. "ಕೂಸು ಸತ್ತಾಗಿಂದ ಈಕಿ ತಲಿ ನೆಟ್ಟಗಿಲ್ರಿ."

ನೆಂಟರು ಲೊಚಗುಟ್ಟಿದರು. ಅಂದಿನಿಂದ ಚಿಗವ್ವ ಹುಚ್ಚಿಯಾದಳು, ಮಗಳು ಹೊಳೆ ದಾಟಿ ಬರುವುದು ನಿಂತಿತು. ಚಿಗವ್ವ ಸತ್ತಾಗಲೇ ಮತ್ತೆ ಬಂದದ್ದು. ಬೆಳೆದ ಹುಡುಗಿ, ಅದೇ ಮೂಗು, ಅದೇ ಹಣೆ... ಹೆಣದ ಕಾಲು ಹಿಡಿದು "ನಮ್ಮತ್ತೀ..." ಎಂದು ಹಾಡಿಕೊಂಡು ಅತ್ತಳು. ಕಾಕಾ ಅಲ್ಲೇ ಇದ್ದ. ಕಿವಿಯೂ ನೆಟ್ಟಗಿತ್ತು.

ಈಗ ಆ ಕಾಯ್ದೆ ರದ್ದಾಗಿದೆ. ಬೇಡ ಎನ್ನುತ್ತಿದ್ದ ದೊಡ್ಡವರೇ ಇನ್ನಷ್ಟು ಹೆರಿ ಎನ್ನುತ್ತಾರೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ರದ್ದು ಮಾಡಿದವರು ಹೊಳೆಯಾಚೆಯ ಆ ಹುಡುಗಿಗೆ ಅವ್ವನನ್ನು ತಂದುಕೊಡುತ್ತಾರೆಯೇ? ತಪ್ಪಾಯಿತು ಎಂಬ ಒಂದು ಮಾತಾದರೂ ಯಾರ ಬಾಯಿಂದಲೂ ಬರಲಿಲ್ಲ.

ಮೊನ್ನೆ ಕಾಕಾ ಕಟ್ಟೆಯ ಮೇಲೆ ಕೂತು ಪಾರ್ಟಿಯವರಿಗೆ ಹೇಳುತ್ತಿದ್ದ. "ಈಗ ಆ ಎರಡು ಮಕ್ಕಳ ಚಟ್ಟಂ ಇಲ್ಲಲ್ರಿ. ನನ್ನ ಮಗ ನಿಂದರ್ತಾನ. ಅವನಿಗೆ ಮೂರು ಮಕ್ಕಳಾದ್ರ ಏನಾತು? ನನಗೂ ಮೂರು!"

ನಾನು ನೀರಿನ ಕ್ಯಾನ್ ಕೆಳಗಿಟ್ಟೆ.

"ಒಂದು ಸತ್ತಿತ್ತಲ್ಲ ಕಾಕಾ?"

ಮೂರು ಎಂಬ ಆ ಮಾತನ್ನು ಅವನು ಉರುಕುಂದದಲ್ಲಿ ಒಂದು ಸಲ ಅಂದಿದ್ದರೆ ಸಾಕಿತ್ತು. ಕೇಳಬೇಕಾದವಳು ಈಗ ಇಲ್ಲ.