ಸೋಫಾದಿಂದ ಸೋಫಾಗೆ ಠೀವಿಯಣ್ಣ

ರೈಲಿನ ಡಬ್ಬಿಯಂತೆ ಉದ್ದಕ್ಕಿದ್ದ ಆ ಫರ್ನಿಚರ್ ಅಂಗಡಿಯಲ್ಲಿ ಸೇಲ್ಸ್‌ಮನ್ನುಗಳು ಹಲವರಿದ್ದರೂ ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಬರಮಾಡಿಕೊಳ್ಳುವ ಹಕ್ಕು ಒಬ್ಬನದೇ ಆಗಿತ್ತು. ಕೈ ಹಿಂದಕ್ಕೆ ಕಟ್ಟಿಕೊಂಡು, ಎದೆ ಮುಂದಕ್ಕೆ ಬಿಟ್ಟುಕೊಂಡು, ಮಂಚ ಮೇಜುಗಳ ನಡುವೆ ಅವನು ಗಿರಾಕಿಯನ್ನು ಕರೆದೊಯ್ಯುವ ಚೆಂದ ನೋಡಿದರೆ ಅಂಗಡಿ ಅವನದು, ಕೊನೆಯಲ್ಲಿ ಕೌಂಟರಿನ ಹಿಂದೆ ಕೂತಿರುವ ಸಾಹುಕಾರರು ಅವನ ಗುಮಾಸ್ತರು ಅನ್ನಿಸಬೇಕು. ಅದಕ್ಕೇ ಎಲ್ಲರ ಬಾಯಲ್ಲೂ ಅವನು ಠೀವಿಯಣ್ಣ. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಚಾಲ್ತಿಗೆ ಬರುತ್ತಿತ್ತು.

ಅಂಗಡಿಗೊಂದು ಕಟ್ಟುನಿಟ್ಟಿನ ಕಾನೂನಿತ್ತು. ಕೆಲಸದವರು ಯಾರೂ ಮಾರುವ ಮಾಲಿನ ಮೇಲೆ ಕೂರಕೂಡದು. ಹೀಗಾಗಿ, ತಲೆಗೂದಲು ಪೂರ್ತಿ ಕಪ್ಪಿದ್ದ ಕಾಲದಿಂದ ಸೋಫಾ ಮಾರಿಕೊಂಡು ಬಂದಿದ್ದರೂ ಠೀವಿಯಣ್ಣ ಒಂದರ ಮೇಲೂ ಕೂತವನಲ್ಲ. "ಒಂದ್ಸಲ ಕೂತ್ರೆ ಏಳೋಕೇ ಮನಸ್ಸು ಬರಲ್ಲ ಸಾರ್" ಎಂದು ಅವನು ಕಣ್ಣು ಅರೆಮುಚ್ಚಿ ಹೇಳುತ್ತಿದ್ದದ್ದೆಲ್ಲ ಸಮುದ್ರ ಕಾಣದವನು ಅಲೆಗಳನ್ನು ಬಣ್ಣಿಸಿದ ಹಾಗೆ. ಆದರೂ ಜನ ನಂಬುತ್ತಿದ್ದರು. ಅವನೂ ನಂಬಿದ್ದ.

ಒಂದು ದಿನ ಕಲ್ಲಿನ ಹಲಗೆಯ ಟೀಪಾಯಿಯೊಂದನ್ನು ಹೊಗಳುತ್ತ, "ಭೂಕಂಪ ಆದ್ರೂ ಇದು ಅಲುಗಲ್ಲ ಮೇಡಂ" ಎಂದು ಅದರ ಬೆನ್ನು ತಟ್ಟಿದ. ಹೊಗಳಿಕೆಗೆ ಉಬ್ಬಿಹೋಗಿಯೋ ಏನೋ, ಕಲ್ಲು ಜಾರಿ ಅವನ ಬಲಗಾಲ ಮೇಲೇ ಬಿತ್ತು. ಗಿರಾಕಿ ಹೆಂಗಸು ಅಯ್ಯೋ ಪಾಪ ಎಂದಳು. ಆಮೇಲೆ ಕಲ್ಲಿಗೆ ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡು ಅದನ್ನೇ ಕೊಂಡುಕೊಂಡಳು.

ಮೂಳೆ ಕೂಡಿತು. ನೋವು ಮಾತ್ರ ಹೋಗಲಿಲ್ಲ. ಫ್ಯಾನಿನ ಗಾಳಿ ತಗುಲಿದರೆ ಮೆಣಸಿನಪುಡಿ ಎರಚಿದಂತೆ, ಹೊದಿಕೆಯ ಅಂಚು ಮುಟ್ಟಿದರೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಂತೆ. ಕಾಲು ಊರುವುದನ್ನು ನೆನೆದರೇ ಬೆವರು ಕಿತ್ತುಕೊಂಡು ಬರುತ್ತಿತ್ತು.

"ಮೂಳೆ ಸರಿ ಹೋಗಿದೆ. ನರಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಕಲ್ಲು ಇನ್ನೂ ಕಾಲ ಮೇಲೇ ಇದೆ ಅಂತ ಬೊಬ್ಬೆ ಹೊಡೀತಾ ಇದೆ," ಎಂದರು ಡಾಕ್ಟರು.

"ಯಾವಾಗ ಮುಟ್ಟುತ್ತೆ ಸಾರ್?"

"ಮುಟ್ಟದೇನೂ ಇರಬಹುದು."

ಮುಂದಿನ ಪಾಳಿ ಫಿಸಿಯೋ ಮೇಡಂದು. ಆಕೆ ಮಗಳ ವಯಸ್ಸಿನವಳು, ಗದರುವುದರಲ್ಲಿ ಅತ್ತೆಯ ಸಮ. "ನೋವು ಹೋಗ್ಲಿ, ಆಮೇಲೆ ನಡೀತೀನಿ ಅಂತ ಕೂತ್ರೆ ಕೂತೇ ಇರ್ತೀರ ಅಂಕಲ್. ಅದನ್ನ ಜೊತೆಗೆ ಕರ್ಕೊಂಡೇ ನಡೀಬೇಕು. ಸ್ವಲ್ಪ ನಡೀರಿ, ಸಾಕಪ್ಪಾ ಅನ್ನಿಸೋಕೆ ಮುಂಚೆನೇ ಕೂತ್ಕೊಳ್ಳಿ, ಮತ್ತೆ ಏಳಿ. ಶೂರತನ ಬೇಡ, ಸೋಮಾರಿತನಾನೂ ಬೇಡ."

ಮನೆಯಲ್ಲಿ ಇದ್ದದ್ದು ಎರಡು ಕೋಣೆ, ಎರಡು ಕುರ್ಚಿ. ಜೀವಮಾನವೆಲ್ಲ ಊರಿಗೆ ಕುರ್ಚಿ ಮಾರಿದವನ ಮನೆ ಅದು. ಒಳಗಿನ ನಡಿಗೆ ಮುಗಿದು ಬೀದಿಗಿಳಿಯುವ ಹೊತ್ತಿಗೆ ಹೆಂಡತಿ ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಹಿಂದೆ ಹಿಂದೆ ಬರಬೇಕಾಯಿತು. ಅವನು ನಿಂತರೆ ಅವಳು ಇಡುವಳು, ಎದ್ದರೆ ಎತ್ತಿಕೊಳ್ಳುವಳು.

"ಏನಕ್ಕಾ, ಸಿಂಹಾಸನ ಎಲ್ಲಿಗೆ ಹೊರಟಿತು?" ಎಂದ ತರಕಾರಿಯವನು.

"ರಾಜರು ದಿಗ್ವಿಜಯಕ್ಕೆ ಹೊರಟಿದ್ದಾರೆ. ನಿನ್ನ ಗಾಡಿ ಗೆದ್ದುಕೊಂಡು ವಾಪಸ್ ಬರ್ತಾರೆ," ಎಂದಳು ಅವಳು. ಗಂಡನ ಕಡೆ ತಿರುಗಿ, "ರೀ, ಬೇಗ ಕೂತ್ಕೊಳ್ಳಿ, ನನಗೂ ಕೈ ಸೋತಿದೆ. ನೀವು ಎದ್ಮೇಲೆ ನಾನೊಂದು ಗಳಿಗೆ ಕೂರ್ತೀನಿ," ಎಂದಳು.

ಹೀಗಿರುವಾಗ ಸಾಹುಕಾರರ ಫೋನು ಬಂತು. ವ್ಯಾಪಾರದ ಸೀಸನ್ ಶುರುವಾಗಿದೆ, ಬಾಗಿಲಲ್ಲಿ ಜನ ಬೇಕು. "ಸೀಸನ್ ಮುಗಿಯೋದ್ರೊಳಗೆ ಗಿರಾಕಿ ಜೊತೆ ಬಾಗಿಲಿಂದ ನನ್ನ ಕೌಂಟರ್ ತನಕ, ಎಲ್ಲೂ ಕೂರದೆ, ನಡ್ಕೊಂಡು ಬರಬೇಕು ಕಣಯ್ಯಾ. ಆಗಲ್ಲ ಅಂದ್ರೆ ಗೋಡೌನ್. ಅಲ್ಲೇನು ಕಷ್ಟ ಇಲ್ಲ, ಬೀಗದಕೈ ಹಿಡ್ಕೊಂಡು ಕೂತಿದ್ರಾಯ್ತು."

ಗೋಡೌನಿನಲ್ಲಿ ಒಂದು ಮಂಕು ಬಲ್ಬು, ರಟ್ಟಿನ ಪೆಟ್ಟಿಗೆಗಳು, ಮಾತಿಗೆ ಹಲ್ಲಿಗಳು. ಬಾಯೇ ಬಂಡವಾಳವಾದ ಠೀವಿಯಣ್ಣನಿಗೆ ಹಲ್ಲಿಗೆ ಸೋಫಾ ಮಾರುವ ದಿನಗಳು ಕಣ್ಣಮುಂದೆ ಬಂದವು. ಆ ರಾತ್ರಿಯೇ ಅವನಿಗೆ ಹೊಳೆದದ್ದು: ಕೂತು ಎದ್ದು ನಡೆಯುವುದಕ್ಕೆ ಹೇಳಿ ಮಾಡಿಸಿದ ಜಾಗ ಈ ಭೂಮಿಯ ಮೇಲೆ ಇದ್ದರೆ ಅದು ಅವನ ಅಂಗಡಿಯೇ! ಹೆಜ್ಜೆಗೊಂದು ಆಸನ. ಅಡ್ಡಿಯಿದ್ದದ್ದು ಕಾನೂನು ಮಾತ್ರ. ಫಿಸಿಯೋ ಮೇಡಂ ತಾನೇ ಸಾಹುಕಾರರಿಗೆ ಫೋನು ಮಾಡಿ, ಬೇರೆ ರೋಗಿಗಳನ್ನು ಗದರುವ ದನಿಯಲ್ಲೇ ಅವರನ್ನೂ ಗದರಿ, ಅವನೊಬ್ಬನಿಗೆ ವಿನಾಯಿತಿ ಕೊಡಿಸಿದಳು.

ಮೊದಲ ದಿನ ಠೀವಿಯಣ್ಣ ಕೋಲೂರಿಕೊಂಡು, ಗಂಡ ಹೆಂಡತಿ ಇಬ್ಬರು ಗಿರಾಕಿಗಳನ್ನು ಕರೆದುಕೊಂಡು ಹೊರಟ. ದಾರಿಯಲ್ಲಿ ಮೊದಲು ಸಿಕ್ಕಿದ್ದು ಅಂಗಡಿಯ ಅತಿ ದುಬಾರಿ ಮಾಲಾದ 'ಮಹಾರಾಜ', ಕಂದು ಬಣ್ಣದ ದೈತ್ಯ ಸೋಫಾ. ತಾನೇ ಸಾವಿರ ಸಲ ಹಾಡಿಹೊಗಳಿದ ಆ ಸೋಫಾದ ಮೇಲೆ ಅವನು ಭಕ್ತಿಯಿಂದ ಕೂತ. ಕೂತವನು ಹೂತುಹೋದ. ಮಂಡಿ ಗದ್ದಕ್ಕೆ ಬಂತು, ಸ್ಪ್ರಿಂಗೊಂದು ಸೊಂಟವನ್ನು ತಿವಿಯಿತು, ಕಾಲು ಕಿಟಾರನೆ ಕಿರುಚಿತು.

"ಅಯ್ಯಯ್ಯಪ್ಪಾ! ಇದೇನು ಸೋಫಾನೋ, ಬಾವೀನೋ!"

ಬಾಯಿಗೆ ಬಂದದ್ದನ್ನು ನುಂಗುವಷ್ಟರಲ್ಲಿ ಮಾತು ಹೊರಬಿದ್ದಾಗಿತ್ತು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಇಬ್ಬರೂ ಸೇರಿ ಅವನನ್ನು ಬಾವಿಯಿಂದ ಮೇಲೆತ್ತಿದರು. ನಾಲ್ಕು ಹೆಜ್ಜೆ ಆಚೆಗಿದ್ದ ಮರದ ಕೈಗಳ ಸಾದಾ ಸೀಟಿನ ಮೇಲೆ ಅವನು ಕುಸಿದ. ಕಾಲು ಗೊಣಗಿತು, ಸುಮ್ಮನಾಯಿತು. ಮುಖದ ಗಂಟು ತಾನಾಗಿ ಬಿಚ್ಚಿತು.

"ನಮಗೆ ಇದೇ ಕೊಡಿ," ಎಂದಳು ಹೆಂಡತಿ.

ಸುದ್ದಿ ಹಬ್ಬಿತು. ಆ ಅಂಗಡಿಯಲ್ಲಿ ನೋವಿನ ಮನುಷ್ಯ ಒಬ್ಬನಿದ್ದಾನೆ, ಅವನು ಕೂತು ನಿಟ್ಟುಸಿರು ಬಿಟ್ಟದ್ದನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಬೆನ್ನು ಹಿಡಿದವರು, ಮಂಡಿ ಸವೆದವರು, ಏನೂ ಆಗದಿದ್ದರೂ ಮುಂದೆ ಆಗಬಹುದೆಂದು ಹೆದರಿದವರು, ಎಲ್ಲ ಬಂದು ಅವನ ಬೆನ್ನ ಹಿಂದೆ ಗುಂಪುಕಟ್ಟಿ ನಡೆದರು. ಅವನು ಕೂತರೆ ಉಸಿರು ಬಿಗಿಹಿಡಿದು ನಿಲ್ಲುವರು. ನರಳಿದರೆ ಚದುರುವರು. ನಿಟ್ಟುಸಿರಿಟ್ಟರೆ ಮುಗಿಬೀಳುವರು.

ಒಳ್ಳೆಯವೆಲ್ಲ ಖರ್ಚಾಗಿ ಮಹಾರಾಜಗಳು ಮಾತ್ರ ಉಳಿದಾಗ ಸಾಹುಕಾರರ ಪಿತ್ತ ನೆತ್ತಿಗೇರಿತು. "ನಿನ್ನ ಕಾಲು ನೋಯ್ತು ಅಂತ ನನ್ನ ಮಾಲಿನ ಮಾನ ಕಳೀತೀಯಲ್ಲೋ!"

"ನಾನೇನೂ ಅಂದಿಲ್ಲ ಸಾಹುಕಾರ್ರೇ, ಕಾಲು ಅಂದಿದ್ದು."

"ನಿನ್ನ ಕಾಲಿಗೆ ಸಂಬಳ ಕೊಡೋನು ನಾನು!"

ಮರುದಿನ ಬಾಗಿಲಿನಿಂದ ಕೌಂಟರಿನವರೆಗೆ ದಾರಿಯ ಎರಡೂ ಬದಿಗೆ ಮಹಾರಾಜಗಳು ಸಾಲುಗಟ್ಟಿದ್ದವು. ಅಪ್ಪಣೆಯೂ ಆಯಿತು: ಕೂರುವುದಾದರೆ ಇವುಗಳ ಮೇಲೇ ಕೂರಬೇಕು, ಮುಖದಲ್ಲಿ ನಗು ಇರಬೇಕು.

ಸಾಹುಕಾರರಿಗೆ ಗೊತ್ತಿಲ್ಲದೆ ಅವರು ಲೋಕದಲ್ಲೇ ಉತ್ತಮವಾದ ವ್ಯಾಯಾಮಶಾಲೆ ಕಟ್ಟಿಬಿಟ್ಟಿದ್ದರು. ಮೊದಲ ಮಹಾರಾಜ ಕಂಡೊಡನೆ ಠೀವಿಯಣ್ಣನ ಕಾಲು, ಇನ್ನೊಂದು ಚೂರು ನಡೆದೇನು, ಅದರೊಳಗೆ ಮಾತ್ರ ಇಳಿಯಲಾರೆ ಎಂದು ಹಟ ಹಿಡಿಯಿತು. ಹುಮ್ಮಸ್ಸಿನಲ್ಲಿ ಒಂದೇ ಉಸಿರಿಗೆ ಅರ್ಧ ಅಂಗಡಿ ದಾಟಿದ. ಫಲವಾಗಿ ಹಾಸಿಗೆ ಹಿಡಿದ, ಹೊದಿಕೆಯನ್ನೂ ಫ್ಯಾನನ್ನೂ ಶಪಿಸಿದ.

"ಶೂರತನ ಬೇಡ ಅಂದಿರ್ಲಿಲ್ವಾ? ನೋವು ಬರೋಕೆ ಮುಂಚೆ ಕೂರ್ಬೇಕು," ಎಂದು ಮೇಡಂ ರೇಗಿದಳು.

"ಆ ಸೋಫಾಗಳನ್ನ ನೀವು ನೋಡಿಲ್ಲ ತಾಯಿ. ಅವುಗಳ ಮೇಲೆ ಕೂತ್ಮೇಲೇ ನೋವು ಬರೋದು."

ಆಕೆ ಉಪಾಯ ಬದಲಿಸಿದಳು. ಸೋಫಾದ ಕೈ ಮೇಲೆ ಒರಗಿ ನಿಂತು ಸುಧಾರಿಸಿಕೊಳ್ಳಿ ಎಂದಳು. ಅದು ಕೂತಂತೆಯೂ ಅಲ್ಲ, ಸಾಹುಕಾರರ ಅಪ್ಪಣೆ ಮೀರಿದಂತೆಯೂ ಅಲ್ಲ. ಹೀಗೆ ಒರಗುತ್ತ, ಹೊರಡುತ್ತ, ಒಂದು ದಿನ ಎರಡು ಸೋಫಾ ಮುಂದೆ ಹೋದರೆ ಮರುದಿನ ಒಂದು ಸೋಫಾ ಹಿಂದೆ ಬರುತ್ತ ಅವನ ನಡಿಗೆ ಬೆಳೆಯಿತು. ಹಳೆಯ ಠೀವಿ ಮಾತ್ರ ಬರಲಿಲ್ಲ. ಎಡಗಾಲು ಮದುವಣಿಗನಂತೆ ಮುಂದೆ ಹೋಗುವುದು, ಬಲಗಾಲು ಸಾಲಗಾರನಂತೆ ತಪ್ಪಿಸಿಕೊಳ್ಳಲು ನೋಡುವುದು.

ಸೀಸನ್ನಿನ ಕೊನೆಯ ದಿನ ಬಂತು. ಬಾಗಿಲಲ್ಲಿ ದಪ್ಪ ಮೀಸೆಯವರೊಬ್ಬರು, ಅವರ ಅಕ್ಕ. ಕೌಂಟರಿನ ಹಿಂದೆ ಸಾಹುಕಾರರ ಕತ್ತು ಉದ್ದವಾಯಿತು. ಠೀವಿಯಣ್ಣ ಕೋಲನ್ನು ಬಾಗಿಲ ಮೂಲೆಗೆ ಒರಗಿಸಿ, "ಬನ್ನಿ ಸಾರ್, ಬನ್ನಿ ಅಮ್ಮಾ" ಎಂದು ಹೊರಟ.

ಅರ್ಧ ದಾರಿಗೆ ಪಾದದೊಳಗೆ ಬೆಂಕಿ ಹೊತ್ತಿತು.

"ಏನ್ರೀ, ಹೀಗೆ ಬೆವರ್ತಾ ಇದ್ದೀರ?" ಎಂದರು ಮೀಸೆಯವರು.

"ಸೋಫಾ ಅಂದ್ರೆ ನನಗೆ ಭಾವನೆ ಉಕ್ಕುತ್ತೆ ಸಾರ್."

"ಕಣ್ಣಲ್ಲಿ ನೀರೂ ಬಂದಿದೆ ಪಾಪ," ಎಂದಳು ಅಕ್ಕ. "ಇಷ್ಟು ಪ್ರೀತಿಯಿಂದ ಮಾರೋರನ್ನ ನಾನು ನೋಡೇ ಇಲ್ಲ."

ಅವನು ಒಂದು ಮಹಾರಾಜನ ಕೈಗೆ ಒರಗಿದ. ಬೆಂಕಿ ಆರಲಿಲ್ಲ. ಆರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ತುಸು ತಗ್ಗಿತು, ಅಷ್ಟೇ. ಅಷ್ಟನ್ನೇ ಹಿಡಿದುಕೊಂಡು ಹೊರಟ. ದಿಂಬು, ಬೆನ್ನು, ಬಟ್ಟೆ ಎಂದು ಬಾಯಿ ಏನೇನೋ ಹೇಳುತ್ತಿತ್ತು. ಗಮನವೆಲ್ಲ ಮುಂದಿನ ಹೆಜ್ಜೆಯಲ್ಲಿತ್ತು. ಆತಂಕ ತಡೆಯಲಾರದೆ ಸಾಹುಕಾರರು ಎದ್ದು ಕೌಂಟರಿನ ಈಚೆಗೆ ಬಂದರು. ಕೊನೆಯ ಹೆಜ್ಜೆ ಇಟ್ಟು ಕೌಂಟರನ್ನು ಮುಟ್ಟಿದ ಠೀವಿಯಣ್ಣನಿಗೆ ಕಣ್ಣು ಕತ್ತಲಿಟ್ಟಿತು. ಅಂಗಡಿಯಲ್ಲಿ ಖಾಲಿಯಿದ್ದ, ಬಾವಿಯಲ್ಲದ ಒಂದೇ ಆಸನ ಕಾಣಿಸಿತು. ಸುತ್ತಿಕೊಂಡು ಹೋಗಿ ಸಾಹುಕಾರರ ಕುರ್ಚಿಯಲ್ಲೇ ಧೊಪ್ಪೆಂದು ಕೂತ.

ಹೊರಬಂದ ನಿಟ್ಟುಸಿರು ಬಾಗಿಲವರೆಗೆ ಕೇಳಿಸಿತು.

"ಇದೇ!" ಎಂದಳು ಅಕ್ಕ. "ಇದು ಎಷ್ಟು?"

"ಅಮ್ಮಾ, ಅದು ಮಾರೋದಲ್ಲ, ನಾನು ಕೂರೋದು," ಎಂದರು ಸಾಹುಕಾರರು ಗಾಬರಿಯಾಗಿ.

"ನೋಡಿದ್ಯಾ ತಮ್ಮಾ? ಒಳ್ಳೇದನ್ನ ತಾವಿಟ್ಕೊಂಡು ಉಳಿದಿದ್ದನ್ನ ನಮಗೆ ಮಾರ್ತಾರೆ!"

ಎಂಥ ಮಾತಿಗೂ ಬಗ್ಗದ ಸಾಹುಕಾರರು ಈ ಮಾತಿಗೆ ಸೋತರು. ಕುರ್ಚಿ ಆಟೋ ಹತ್ತಿತು. ಅವರು ಅದು ಹೋದ ದಿಕ್ಕನ್ನೇ ನೋಡುತ್ತ ನಿಂತರು. ನಿಲ್ಲದೆ ಬೇರೆ ದಾರಿಯೂ ಇರಲಿಲ್ಲ.

"ಸಾಹುಕಾರ್ರೇ, ಗೋಡೌನ್ ವಿಷಯ..." ಎಂದ ಠೀವಿಯಣ್ಣ, ಕೌಂಟರಿಗೆ ಒರಗಿಕೊಂಡು.

"ಗೋಡೌನಲ್ಲಿ ಇನ್ನೂ ಮಾಲು ಇದೆ ಕಣೋ, ನಿನ್ನನ್ನ ಅಲ್ಲಿಗೆ ಕಳಿಸಿ ಅದರ ಮರ್ಯಾದೇನೂ ಕಳೀಲಾ? ಬಾಗಿಲಲ್ಲೇ ಸಾಯಿ," ಎಂದರು ಸಾಹುಕಾರರು. ಆಮೇಲೆ ದನಿ ತಗ್ಗಿಸಿ, "ನಡೆದು ಬಂದ್ಯಲ್ಲ, ನೋವು ಹೋಯ್ತಾ?" ಎಂದರು.

"ಎಲ್ಲಿ ಹೋಗುತ್ತೆ ಸಾಹುಕಾರ್ರೇ. ನನ್ ಜೊತೆಗೇ ನಡ್ಕೊಂಡು ಬಂತು."

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಚಪ್ಪಲಿ ಬಿಡುವ ಸದ್ದಾಯಿತು. ಠೀವಿಯಣ್ಣ ಬಲಗಾಲನ್ನು ಪುಸಲಾಯಿಸಿ ಎಬ್ಬಿಸಿದ, ಕೈ ಹಿಂದಕ್ಕೆ ಕಟ್ಟಿಕೊಂಡ, "ಬಂದೇ, ಬಂದೇ" ಎಂದು ಅಷ್ಟೂ ದೂರಕ್ಕೆ ಕೂಗಿ ಹೇಳಿ ನಿಧಾನಕ್ಕೆ ಹೊರಟ.